ಪರಊರಿನ ಹೆಣ್ಣುಮಕ್ಕಳು

ಹುಕ್ಕೇರಿಯ ದವಾಖಾನೆ ಎಂದರೆ ನನಗೆ ಮೊದಲು ನೆನಪಾಗುವುದು ಔಷಧದ ವಾಸನೆಯಲ್ಲ, ಒಗ್ಗರಣೆಯ ವಾಸನೆ. ರೋಗಿಗಳ ಜತೆ ಬಂದ ಮಂದಿ ಹಿತ್ತಲಿನ ಬೇವಿನ ಗಿಡಗಳ ಕೆಳಗೆ ಮೂರು ಕಲ್ಲು ಹೂಡಿ ಅಲ್ಲೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಗೋಕಾಕ ಫಾಲ್ಸಿನ ಗಿರಣಿಯವರು, ಕೌಜಲಗಿಯವರು, ಮೂಡಲಗಿಯವರು, ಇನ್ನೂ ಯಾವ ಯಾವ ಹಳ್ಳಿಯವರೋ. ನಾನು ಸಣ್ಣವಳಿದ್ದಾಗ ಸಾಲಿ ಬಿಟ್ಟ ಕೂಡಲೇ ಅಲ್ಲಿಗೆ ಓಡುತ್ತಿದ್ದೆ. ಯಾರ ಗಡಿಗೆಯಲ್ಲಿ ಏನು ಕುದಿಯುತ್ತಿದೆ ಎಂದು ಇಣುಕುವುದೇ ನನ್ನ ಉದ್ಯೋಗ. ಕೈಯಲ್ಲಿ ಒಂದಿಷ್ಟು ಹಾಕದೆ ಯಾರೂ ಕಳಿಸುತ್ತಿರಲಿಲ್ಲ. ಹೀಗಾಗಿ ಮೂಡಲಗಿಯ ಖಾರದ ರುಚಿ ನಾನು ಅಲ್ಲಿಗೆ ಮದುವೆಯಾಗಿ ಹೋಗುವ ಮೊದಲೇ ನನ್ನ ನಾಲಿಗೆಗೆ ಗೊತ್ತಿತ್ತು. ಅತ್ತೆಯ ಕೈಯ ಖಾರ ಬೇರೆಯೇ ಎಂದು ಆಮೇಲೆ ತಿಳಿಯಿತು, ಆ ಮಾತು ಈಗ ಬೇಡ.

ಈಗ ಆ ಹಿತ್ತಲಿಲ್ಲ, ಬೇವಿನ ಗಿಡಗಳೂ ಇಲ್ಲ. ಅಂಗಡಿಗಳ ಸಾಲು ಎದ್ದಿದೆ. ತವರಿಗೆ ಹೋದಾಗಲೆಲ್ಲ ಆ ಕಡೆ ಮುಖ ಹಾಕಬಾರದು ಎಂದುಕೊಳ್ಳುತ್ತೇನೆ, ಆದರೂ ಕಾಲು ಅಲ್ಲಿಗೇ ಹೋಗುತ್ತವೆ.

ಸ್ವಾತಂತ್ರ್ಯ ಬಂದ ವರ್ಷ ಊರಿನವರು ಪಟ್ಟಿ ಹಾಕಿ ಕಟ್ಟಿಸಿದ ದವಾಖಾನೆ ಅದು. ಕೊಲ್ಹಾಪುರದ ಕಡೆಯ ಒಬ್ಬ ಡಾಕ್ಟರಬಾಯಿ ಬಂದು ನೆಲೆಸಿದ್ದರು. ಅರ್ಧ ಮರಾಠಿ, ಅರ್ಧ ಕನ್ನಡ, ಬೈಗುಳ ಮಾತ್ರ ಪೂರಾ ಕನ್ನಡ. ಹೆಣ್ಣು ಡಾಕ್ಟರು ಎಂದು ಕೇಳಿ ಸುತ್ತಲಿನ ಹೆಂಗಸರೆಲ್ಲ ಅಲ್ಲಿಗೇ ಬರುತ್ತಿದ್ದರು. ರೊಕ್ಕ ಇದ್ದವರು ರೊಕ್ಕ ಕೊಡುತ್ತಿದ್ದರು. ಇಲ್ಲದವರು ವಾಸಿಯಾಗಿ ಹೋಗಿ, ಸುಗ್ಗಿಯಲ್ಲಿ ಜೋಳದ ಚೀಲ ಹೇರಿಕೊಂಡು ಬಂದು, ಡಾಕ್ಟರಬಾಯಿಗೆ ಕೈಮುಗಿದು, ಒಂದು ಬಸಿ ಚಹಾ ಕುಡಿದು ಹೋಗುತ್ತಿದ್ದರು. ಏನೂ ಕೊಡದೆ ಹೋದವರೂ ಇದ್ದರು. ಅವರನ್ನು ಯಾರೂ ಹುಡುಕಿಕೊಂಡು ಹೋಗಲಿಲ್ಲ.

ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿರಬೇಕು, ಆಗ ಊರಿನಲ್ಲಿ ಗೊಣಗಾಟ ಶುರುವಾಯಿತು. ಔಷಧ ಜೋಳಕ್ಕೆ ಬರುವುದಿಲ್ಲ, ಬೆಳಗಾವಿಯ ಅಂಗಡಿಯವನು ರೊಕ್ಕ ಕೇಳುತ್ತಾನೆ. ಕಟ್ಟಿಸಿದವರು ನಾವು, ಮಂಚದ ಮೇಲೆ ಮಲಗುವವರು ಪರಊರಿನವರು. ಈ ಗೊಣಗಾಟದಲ್ಲಿ ಎಲ್ಲರಿಗಿಂತ ದೊಡ್ಡ ದನಿ ನಮ್ಮಪ್ಪ ಕೆಂಚಪ್ಪನದು. ಅಪ್ಪನಿಗೆ ಬೆಲ್ಲದ ಅಡತಿ ಅಂಗಡಿ ಇತ್ತು. ದವಾಖಾನೆಯ ಕಮಿಟಿಯಲ್ಲಿ ಅವನ ಮಾತೇ ಮಾತು. ಕೆಟ್ಟವನಲ್ಲ. ಆದರೆ ತಕ್ಕಡಿ ಹಿಡಿದವನಿಗೆ ಜಗತ್ತೆಲ್ಲ ಎರಡೇ ಪರಡಿ ಎನಿಸುತ್ತದೆ. ಕಮಿಟಿ ಸೇರಿ ಹೊಸ ಕಾಯಿದೆ ಮಾಡಿತು: ಊರಿನವರಿಗೆ ಪುಕ್ಕಟೆ. ಪರಊರಿನವರು ಮೊದಲು ರೊಕ್ಕ ಇಟ್ಟು ಆಮೇಲೆ ಒಳಗೆ ಬರಬೇಕು.

ಆ ದಿನ ನಾನು ಮನೆಯಲ್ಲೇ ಇದ್ದೆ. ಚೊಚ್ಚಲ ಬಸುರಿ, ಮೂಡಲಗಿಯಿಂದ ತವರಿಗೆ ಬಂದಿದ್ದೆ. ಅಪ್ಪ ಯುದ್ಧ ಗೆದ್ದು ಬಂದವನ ಹಾಗೆ ಊಟಕ್ಕೆ ಕೂತು ಕಾಯಿದೆಯ ವಿವರ ಹೇಳಿದ. ಅವ್ವ ಸಾರು ನೀಡುತ್ತ ಕೇಳಿದಳು:

"ಊರವರು ಅಂದ್ರ ಯಾರ್ಯಾರ್ರಿ?"

"ಇದೇನ ಕೇಳತಿ? ಊರಾಗ ಮನಿ ಇದ್ದವರು. ಹೆಣ್ಣಮಕ್ಕಳದು ಗಂಡನ ಮನಿ ಯಾವ ಊರಾಗ ಐತಿ, ಅದ ಅವರ ಊರು."

"ಹಂಗಾರ ಹೆರಿಗಿ ವಾರ್ಡಿನ್ಯಾಗ ಪುಕ್ಕಟ ಯಾರಿಗಿ ಮಾಡತೀರಿ?"

ಅಪ್ಪನಿಗೆ ತಿಳಿಯಲಿಲ್ಲ. ನನಗೆ ತಿಳಿದು ನಗು ಉಕ್ಕಿತು. ನಮ್ಮ ಕಡೆ ಹೆರಿಗೆ ತವರಿನಲ್ಲೇ. ಹುಕ್ಕೇರಿಯ ಸೊಸೆಯಂದಿರು ಹೊಟ್ಟೆ ಹೊತ್ತುಕೊಂಡು ತಮ್ಮ ತಮ್ಮ ಊರಿಗೆ ಹೋಗುತ್ತಾರೆ. ಹುಕ್ಕೇರಿಯಲ್ಲಿ ಹಡೆಯುವವರು ಬೇರೆ ಊರಿಗೆ ಕೊಟ್ಟ ಹೆಣ್ಣುಮಕ್ಕಳು. ಹೊಸ ಕಾಯಿದೆಯ ಪ್ರಕಾರ ಆ ವಾರ್ಡಿನಲ್ಲಿ ಊರಿನವಳು ಎಂಬ ಒಂದು ನರಪಿಳ್ಳೆಯೂ ಮಲಗುವಂತಿರಲಿಲ್ಲ. ಮೀಸೆ ತಿರುವುತ್ತ ಸಭೆಯ ಮೇಲೆ ಸಭೆ ಕೂಡಿದ ಅಷ್ಟೂ ಗಂಡಸರಲ್ಲಿ ಒಬ್ಬನಿಗೂ ಇದು ಹೊಳೆದಿರಲಿಲ್ಲ. ಹಡೆಯುವುದು ಅವರ ಖಾತೆಗೆ ಬರುವ ಕೆಲಸ ಅಲ್ಲವಲ್ಲ!

ನಗು ಬಂದಷ್ಟೇ ಬೇಗ ಹೋಯಿತು. "ಹಂಗಾರ ನಾ ಯಾರಪ್ಪಾ?" ಎಂದೆ.

"ನೀ ನಮ್ಮ ಮಗಳು. ಆದ್ರ ಊರು ಮೂಡಲಗಿ. ರೊಕ್ಕ ನಾ ತುಂಬತೇನಿ, ನಿನಗ್ಯಾಕ ಚಿಂತಿ?"

ರೊಕ್ಕದ ಚಿಂತೆ ಯಾರಿಗಿತ್ತು? ಮೂಡಲಗಿಯಲ್ಲಿ ಅತ್ತೆ ನನ್ನನ್ನು ದಿನಕ್ಕೊಮ್ಮೆಯಾದರೂ "ಹುಕ್ಕೇರ್ಯಾಕಿ" ಎಂದು ಕರೆಯುತ್ತಿದ್ದಳು. ಅಲ್ಲಿ ಹುಕ್ಕೇರಿಯವಳು, ಇಲ್ಲಿ ಮೂಡಲಗಿಯವಳು. ನಡುವೆ ಘಟಪ್ರಭಾ ಹೊಳೆಯಲ್ಲಿ ನಿಂತುಕೊಳ್ಳಲೇ? ಉಣ್ಣುವುದನ್ನು ಬಿಟ್ಟು ಎದ್ದುಬಿಟ್ಟೆ. "ಪರಊರಾಕಿ ಅಂತ ಹೇಳಿಸಿಕೊಂಡ ನಾ ಆ ದವಾಖಾನಿ ಒಳಗ ಕಾಲ ಇಡಾಂಗಿಲ್ಲ. ಮನ್ಯಾಗ ಹಡೀತೇನಿ," ಎಂದೆ. ಅಪ್ಪನೂ ಎದ್ದ. ಅಪ್ಪ ಮಗಳು ಇಬ್ಬರದೂ ಒಂದೇ ಹಟ, ಅವ್ವ ಇಬ್ಬರ ತಟ್ಟೆಯನ್ನೂ ಮುಚ್ಚಿಟ್ಟಳು.

ಅವ್ವನಿಗೆ ನಿದ್ದೆ ಹಾರಿತು. ಕೂಸು ಕಾಲು ಮುಂದಾಗಿ ಕೂತಿದೆ, ನೋವು ಶುರುವಾದ ಕೂಡಲೇ ದವಾಖಾನೆಗೆ ಕರೆತರಬೇಕು ಎಂದು ಡಾಕ್ಟರಬಾಯಿ ಮೊದಲೇ ಎಚ್ಚರಿಸಿದ್ದರು. ಅವ್ವನ ತಂಗಿ ಅಕ್ಕವ್ವ ಮನೆಯಲ್ಲೇ ಹಡೆಯಲು ಹೋಗಿ ತೀರಿಕೊಂಡಿದ್ದಳು. ನನಗೂ ಭಯವಿತ್ತು. ಆದರೆ ಆ ವಯಸ್ಸಿನಲ್ಲಿ ನನ್ನ ಭಯಕ್ಕಿಂತ ಸಿಟ್ಟು ದೊಡ್ಡದು.

ಗಾಣದ ದಿನಗಳು, ಊರಿಗೆ ಊರೇ ಬೆಲ್ಲದ ವಾಸನೆ. ಒಂದು ದಿನ ಬೆಳಗಿನ ಚಹಾ ಹೊತ್ತಿಗೆ ನೋವು ಬಂತು. ನನ್ನ ಹಟವನ್ನು ಯಾರೂ ಕೇಳಲಿಲ್ಲ. ಅಪ್ಪ ಚಕ್ಕಡಿ ಕಟ್ಟಿಸಿದ. ಅವ್ವ ಹೆರಿಗೆಗೆ ಹೋಗುವವಳ ಉಡಿ ತುಂಬಲು ಅಕ್ಕಿ, ಎರಡು ಬಟ್ಟಲು ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು, ಒಂದು ಹಸಿರು ಖಣ ಎಲ್ಲ ಕಟ್ಟಿಕೊಂಡು ಪಕ್ಕದಲ್ಲಿ ಕೂತಳು. ದವಾಖಾನೆ ಬರುವವರೆಗೆ ನಾನು ಅಪ್ಪನನ್ನು ಬೈದೆ, ಎತ್ತುಗಳನ್ನು ಬೈದೆ, ಮೂಡಲಗಿಯಲ್ಲಿ ಹಾಯಾಗಿ ಕೂತಿದ್ದ ನಮ್ಮ ಮನೆಯವರನ್ನೂ ಬೈದೆ.

ದವಾಖಾನೆಯ ಮೆಟ್ಟಿಲ ಕೆಳಗೆ ಒಬ್ಬ ಬಸುರಿ ಗೋಡೆಗೆ ಆತು ಕೂತಿದ್ದಳು. ಮುಖದ ತುಂಬ ಬೆವರು, ತುಟಿ ಕಚ್ಚಿ ಹಿಡಿದಿದ್ದಳು. ನನಗೆ ಮುಖ ಗುರುತಿತ್ತು. ಹೆಸರು ಸತ್ತೆವ್ವ, ಮೇಲವಂಕಿಯವಳು. ಗಂಡ ದುರ್ಗಪ್ಪನ ಜತೆ ರಸ್ತೆ ಕೆಲಸಕ್ಕೆ ಬಂದು ಊರ ಹೊರಗೆ ಗುಡಿಸಲು ಹಾಕಿ ವರ್ಷವಾಗಿತ್ತು. ಹೆರಿಗೆ ವಾರ್ಡಿಗೆ ಹೊಸ ಗೋಡೆ ಎಬ್ಬಿಸಿದಾಗ ಕಲ್ಲು ಹೊತ್ತವರಲ್ಲಿ ಅವಳೂ ಒಬ್ಬಳು. ತಾಯಿ ಸತ್ತು ಬಹಳ ದಿನವಾಗಿತ್ತು, ಹಡೆಯಲು ಹೋಗುವುದಕ್ಕೆ ತವರಿರಲಿಲ್ಲ. ಕೇರಿಯ ಮಂದಿ, ಅದಕ್ಕೇ ಮೆಟ್ಟಿಲು ಬಿಟ್ಟು ಕೆಳಗೆ ಕೂತಿದ್ದಳು. ರೊಕ್ಕ ತರಲೆಂದು ದುರ್ಗಪ್ಪ ಕೂಲಿ ಹಂಚುವ ಮುಕಾದಮನ ಹತ್ತಿರ ಓಡಿದ್ದ, ಇನ್ನೂ ಬಂದಿರಲಿಲ್ಲ. ಡಾಕ್ಟರಬಾಯಿ ಒಳಗೆ ಯಾರದೋ ಹೊಟ್ಟೆ ಕೊಯ್ಯುವುದರಲ್ಲಿದ್ದರು. ಬಾಗಿಲಲ್ಲಿ ಇದ್ದವನು ಕಾರಕೂನ ಪರಪ್ಪ ಒಬ್ಬನೇ.

ಪರಪ್ಪ ಅಪ್ಪನನ್ನು ಕಂಡು ಎದ್ದು ನಿಂತ. "ಬರ್ರಿ ಸಾವಕಾರ್ರ. ಕಾಶವ್ವಾರಂದು ಊರು ಏನಂತ ಬರೀಲ್ರಿ?"

ಅಪ್ಪ ಒಂದು ಗಳಿಗೆ ನನ್ನ ಕಡೆ ನೋಡಿದ. ಪಡಸಾಲೆಯಲ್ಲಿ ಮಂದಿ ಇದ್ದರು. ಕಾಯಿದೆ ಮಾಡಿದವನು ತನ್ನ ಮನೆಗೆ ಬಂದಾಗ ಏನು ಮಾಡುತ್ತಾನೆ ಎಂದು ಎಲ್ಲರ ಕಣ್ಣೂ ಅವನ ಮೇಲೆ.

"ಮೂಡಲಗಿ," ಎಂದ.

ಹೊಟ್ಟೆಯ ನೋವಿಗಿಂತ ಆ ಮಾತು ಹೆಚ್ಚು ನೋಯಿಸಿತು. ನಾನು ಹೊಸ್ತಿಲ ಹೊರಗೆ ಕೂತುಬಿಟ್ಟೆ. "ನಾ ಒಳಗ ಬರಾಂಗಿಲ್ಲ."

"ಕಾಶಿ, ಹುಚ್ಚಗಿಚ್ಚ ಹಿಡದೈತೇನ?"

"ಮೂಡಲಗಿಯಾಕಿ ಮೂಡಲಗ್ಯಾಗ ಸಾಯಲಿ. ನಿಮ್ಮ ಊರಾಗ ಯಾಕ?"

ಅಪ್ಪ ಕೂಗಾಡಿದ. ಪರಪ್ಪ ಕೈಕೈ ಹಿಸುಕಿಕೊಂಡ. ಅಪ್ಪ ರೊಕ್ಕ ತೆಗೆದು ಮೇಜಿನ ಮೇಲೆ ಕುಕ್ಕಿದ. ನಾನು ಕಂಬ ಹಿಡಿದುಕೊಂಡೆ. ಎರಡು ನೋವಿನ ನಡುವೆ ಸಿಕ್ಕ ಸಮಯದಲ್ಲೆಲ್ಲ ಜಗಳ ಮಾಡಿದೆ. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಎರಡು ಬಿಡಬೇಕು ಎನಿಸುತ್ತದೆ, ಆದರೆ ಹಾಗೆ ಕೂತ ಆ ಹುಡುಗಿಯ ಮೇಲೆ ಪ್ರೀತಿಯೂ ಉಕ್ಕುತ್ತದೆ.

ಅವ್ವ ನನ್ನ ಎದುರು ಬಂದು ಕೂತಳು. ಗಂಟು ಬಿಚ್ಚಿದಳು. "ಸೆರಗ ಒಡ್ಡು," ಎಂದಳು. ಅಕ್ಕಿ ಬೊಗಸೆಯಲ್ಲಿ ತುಂಬಿ ನನ್ನ ಉಡಿಗೆ ಹಾಕಿದಳು. ಒಂದು ಬಟ್ಟಲು ಕೊಬ್ಬರಿ ಇಟ್ಟಳು. ಆಮೇಲೆ ಪರಪ್ಪನ ಕಡೆ ತಿರುಗಿದಳು.

"ಪರಪ್ಪಾ, ಹಡಿಯಾಕ ಹೊಂಟಾಕಿ ಉಡಿ ತುಂಬಿ ಕಳಸವರು ಯಾರೊ?"

"ತವರವರ್ರಿ."

"ನಾ ಎಲ್ಲಿ ಕುಂತ ತುಂಬಾಕತ್ತೇನಿ?"

ಪರಪ್ಪ ಅಪ್ಪನ ಮುಖ ನೋಡಿದ. ಮನೆಗೆ ಬಂದ ಮುತ್ತೈದೆಯ ಉಡಿಯನ್ನು ಯಾರು ಬೇಕಾದರೂ ತುಂಬಬಹುದು. ಆದರೆ ಹೆರಿಗೆಗೆ ಹೊರಟವಳ ಉಡಿ ತವರು ಬಿಟ್ಟು ಬೇರೆಯವರು ತುಂಬುವುದಿಲ್ಲ. ತುಂಬಿದರೆ ಅವಳ ಬಾಣಂತನ, ಕೂಸಿನ ತೊಟ್ಟಿಲು, ಮುಂದೆ ಹಬ್ಬಕ್ಕೆ ಕರೆಯುವುದು, ಎಲ್ಲ ತುಂಬಿದವರದೇ ಹೊಣೆ. ಪಡಸಾಲೆಯಲ್ಲಿದ್ದ ಹೆಂಗಸರಲ್ಲಿ ಗುಸುಗುಸು ಎದ್ದಿತು. ಅಪ್ಪ ಪರಪ್ಪನ ಕಡೆ ತಿರುಗಿದ.

"ಆತು. ಹುಕ್ಕೇರಿ ಅಂತ ಬರಿ," ಎಂದ ಸಣ್ಣ ದನಿಯಲ್ಲಿ.

ನನಗೆ ಅಳು ಬಂತು, ಖುಷಿಯ ಅಳು. ಗೆದ್ದೆ ಎಂದು ಕಂಬ ಬಿಟ್ಟು ಏಳುವಷ್ಟರಲ್ಲಿ ಕೆಳಗಿನಿಂದ ಒಂದು ನರಳಾಟ ಕೇಳಿತು. ಸತ್ತೆವ್ವ ಅಷ್ಟು ಹೊತ್ತು ಕಚ್ಚಿಹಿಡಿದದ್ದು ಬಾಯಿ ಮೀರಿ ಬಂದಿತ್ತು.

ಅವ್ವ ಅತ್ತ ನೋಡಿದಳು. ಆಮೇಲೆ ಮೆಟ್ಟಿಲಿಳಿದಳು. ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಶರಣರ ವಚನ ಓದುತ್ತಿದ್ದರು. ಓದುವುದೇ ಬೇರೆ, ಕೇರಿಯವರಿಗೆ ನೀರು ಹಾಕುವುದು ಮೇಲಿನಿಂದಲೇ. ಅವ್ವನೂ ಹಾಗೆಯೇ ಹಾಕುತ್ತಿದ್ದವಳು. ಆ ದಿನ ಅವಳು ಸತ್ತೆವ್ವನ ಎದುರು ಕುಕ್ಕರಗಾಲಲ್ಲಿ ಕೂತಳು.

"ಸೆರಗ ಒಡ್ಡು ಯವ್ವಾ."

ಸತ್ತೆವ್ವ ಸೆರಗನ್ನು ಎದೆಗೆ ಬಿಗಿಯಾಗಿ ಹಿಡಿದುಕೊಂಡಳು. "ಬ್ಯಾಡ್ರಿ ಯವ್ವಾರ. ನಾವು..."

"ಗೊತ್ತೈತಿ ನೀವ್ಯಾರಂತ. ಒಡ್ಡು."

ಉಳಿದ ಅಕ್ಕಿಯನ್ನು ಅಷ್ಟೂ ಹಾಕಿದಳು. ಇನ್ನೊಂದು ಬಟ್ಟಲು ಕೊಬ್ಬರಿ ಇಟ್ಟಳು. ಮೇಲೆ ಹಸಿರು ಖಣ, ನನಗೆಂದು ನಾನೇ ಆರಿಸಿ ತಂದ ಖಣ! ಅಂಥ ಹೊತ್ತಿನಲ್ಲೂ ನನಗೆ ಒಂದಿಷ್ಟು ಹೊಟ್ಟೆ ಉರಿಯಿತು ಎಂಬುದು ಸುಳ್ಳಲ್ಲ. ಅವಳ ಸೊಂಟಕ್ಕೆ ಉಡಿಯನ್ನು ಅವ್ವ ತನ್ನ ಕೈಯಾರೆ ಕಟ್ಟಿದಳು.

"ಏನ ಮಾಡಾಕತ್ತಿ ನೀ?" ಅಪ್ಪ ಮೇಲಿನಿಂದ ಕೂಗಿದ.

"ಕಾಣಸೂದಿಲ್ಲೇನ್ರಿ? ಮಗಳ ಉಡಿ ತುಂಬಾಕತ್ತೇನಿ."

ಅವ್ವ ಸತ್ತೆವ್ವನ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿ ನನ್ನ ಪಕ್ಕಕ್ಕೆ ತಂದು ನಿಲ್ಲಿಸಿದಳು. ಈಗ ಅಪ್ಪ ಏನು ಮಾಡಬೇಕಿತ್ತು? ಒಬ್ಬಳ ಉಡಿ ಸುಳ್ಳು ಎಂದರೆ ಇನ್ನೊಬ್ಬಳದೂ ಸುಳ್ಳಾಗುತ್ತಿತ್ತು. ಎರಡನ್ನೂ ತುಂಬಿದ ಕೈ ಒಂದೇ. ನಾನು ಅಪ್ಪನನ್ನೇ ನೋಡುತ್ತಿದ್ದೆ. ಸಿಟ್ಟೆಲ್ಲ ಇಳಿದು ಭಯವಾಗತೊಡಗಿತ್ತು, ನನಗಾಗಿಯೂ ಅವಳಿಗಾಗಿಯೂ.

ಪರಪ್ಪ ಕೇಳಿದ: "ಈಕಿ ಊರು ಯಾವದಂತ ಬರೀಬೇಕ್ರಿ, ಸಾವಕಾರ್ರ?"

"ಹುಕ್ಕೇರಿ."

"ಅಪ್ಪನ ಹೆಸರ್ರಿ?"

ಕೇಳಬಾರದಿತ್ತು ಆ ಕಾರಕೂನ. ಬೇಕೆಂದೇ ಕೇಳಿದನೋ, ರೂಢಿಯಿಂದ ಕೇಳಿದನೋ ದೇವರಿಗೇ ಗೊತ್ತು. ಅಪ್ಪ ಟೊಪ್ಪಿಗೆ ತೆಗೆದ, ಹಣೆ ಒರೆಸಿಕೊಂಡ, ಮತ್ತೆ ಹಾಕಿಕೊಂಡ. ಅಷ್ಟು ಮಂದಿಯಲ್ಲಿ ಅಪ್ಪ ಅಷ್ಟು ಒಂಟಿಯಾಗಿ ನಿಂತದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ಕೆಂಚಪ್ಪ ಅಂತ ಬರಿ," ಎಂದ. "ನಂದ ಹೆಸರು. ದಾರಿ ಬಿಡು ಈಗ."

ಸತ್ತೆವ್ವ ಮಧ್ಯಾಹ್ನದೊಳಗೆ ಹೆಣ್ಣು ಹಡೆದಳು. ನನಗೆ ಸಂಜೆಯವರೆಗೂ ಡಾಕ್ಟರಬಾಯಿಯ ಕನ್ನಡದ ಬೈಗುಳ ಕೇಳುವ ಭಾಗ್ಯ. ಮಗ ಹುಟ್ಟಿದ, ಕಾಲು ಮುಂದಾಗಿಯೇ ಹುಟ್ಟಿದ. ಮನೆಯಲ್ಲಿ ಹಟ ಹಿಡಿದು ಮಲಗಿದ್ದರೆ ನಾವಿಬ್ಬರೂ ಇರುತ್ತಿರಲಿಲ್ಲ. ಎರಡು ಮಂಚ ಅಕ್ಕಪಕ್ಕ. ಅವ್ವ ತಂದ ಗಂಜಿ ಒಂದೇ ಪಾತ್ರೆಯಿಂದ ಇಬ್ಬರಿಗೂ. ರೊಕ್ಕ ಹೊಂದಿಸಲಾಗದೆ ಅಳುತ್ತ ಬಂದ ದುರ್ಗಪ್ಪ ಬಾಗಿಲಲ್ಲಿ ನಿಂತು ಹೆಂಡತಿಯ ಮಂಚ ಹುಡುಕುತ್ತಿದ್ದ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಬಜಾರದಲ್ಲಿ ಅಪ್ಪ ಬಹಳ ಅನ್ನಿಸಿಕೊಂಡ. "ಕೆಂಚಪ್ಪನ ಹೊಸಾ ಅಳಿಯ" ಎಂದು ದುರ್ಗಪ್ಪನನ್ನು ತೋರಿಸಿ ನಗುತ್ತಿದ್ದರು. ಆದರೆ ಹೆಂಗಸರಿಗೆ ದಾರಿ ಸಿಕ್ಕಿಬಿಟ್ಟಿತ್ತು. ಪರಊರಿನ ಬಸುರಿ ದವಾಖಾನೆಯ ಬಾಗಿಲಿಗೆ ಬಂದರೆ ಯಾವುದಾದರೂ ಮನೆಯಿಂದ ಒಬ್ಬ ಮುದುಕಿ ಅಕ್ಕಿ ಕೊಬ್ಬರಿ ಹಿಡಿದು ಹೊರಡುತ್ತಿದ್ದಳು. ತಮ್ಮ ಹೆಣ್ಣುಮಕ್ಕಳೂ ಪರಊರಿನವರಾದದ್ದು ಕಮಿಟಿಯವರಿಗೂ ಮನೆಯಲ್ಲಿ ನಾಟಿತ್ತು. ಹೆರಿಗೆಗೆ ಬಂದವರ ಊರು ಕೇಳಬಾರದು ಎಂದು ಕಾಯಿದೆ ಬದಲಾಯಿತು. ಅಷ್ಟು ಮಾತ್ರ. ಜ್ವರದವರು, ಕೈಕಾಲು ಮುರಿದವರು ಮೊದಲು ರೊಕ್ಕ ಇಡುವುದು ತಪ್ಪಲಿಲ್ಲ. ಮೂಡಲಗಿ, ಕೌಜಲಗಿ ಕಡೆಯವರು ಬರುವುದು ಕಡಿಮೆಯಾಯಿತು. ಹಿತ್ತಲಿನ ಒಲೆಗಳು ಒಂದೊಂದಾಗಿ ಆರಿದವು. ಅದನ್ನು ನೆನೆದಾಗ ಈಗಲೂ ಸಂಕಟವಾಗುತ್ತದೆ.

ಮಳೆಗಾಲಕ್ಕೆ ರಸ್ತೆ ಕೆಲಸ ಮುಗಿದು ಸತ್ತೆವ್ವ ಮೇಲವಂಕಿಗೆ ಹೋದಳು. ನಾನೂ ಮೂಡಲಗಿಗೆ ಹೋದೆ. ಪಂಚಮಿ ಬಂತು, ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಕರೆಯಲು ತಮ್ಮ ಬರುತ್ತಾನೆ ಎಂದು ನಾನು ದಾರಿ ನೋಡುತ್ತಿದ್ದರೆ ಅಪ್ಪನೇ ಬಂದ. ಅತ್ತೆ ಬಡಿಸಿದ್ದನ್ನು ಉಂಡು, ಮೊಮ್ಮಗನನ್ನು ಎತ್ತಿಕೊಂಡು ಬಸ್ಸು ಹತ್ತಿದ. ಗೋಕಾಕ ಸ್ಟ್ಯಾಂಡಿನಲ್ಲಿ ಇಳಿದಾಗ ಹುಕ್ಕೇರಿ ಕಡೆಯ ಬಸ್ಸು ಎದುರಿಗೇ ನಿಂತಿತ್ತು. ಅಪ್ಪ ಅದನ್ನು ದಾಟಿ ಬೇರೆ ಬಸ್ಸಿನ ಕಡೆ ನಡೆದ.

"ಎಲ್ಲಿಗೆಪ್ಪಾ?"

"ನಿಮ್ಮವ್ವ ಇಬ್ಬರನ್ನೂ ಕರಕೊಂಡ ಬಾ ಅಂದಾಳ," ಎಂದ ನನ್ನ ಮುಖ ನೋಡದೆ.

ಮೇಲವಂಕಿಯ ಕೇರಿಯಲ್ಲಿ ಬಿಳಿ ಧೋತರ, ಟೊಪ್ಪಿಗೆ, ಹೆಗಲ ಮೇಲೆ ಕೂಸು ಹೊತ್ತ ಮುದುಕನನ್ನು ಕಂಡು ಮಂದಿ ಬಾಗಿಲಿಗೆ ಬಂದು ನಿಂತರು. ಸತ್ತೆವ್ವ ಅಂಗಳದಲ್ಲಿ ಜೋಳ ಕೇರುತ್ತಿದ್ದಳು. ಮೊರ ಕೆಳಗಿಟ್ಟು ಎದ್ದಳು. ಅಪ್ಪ ನಿಂತಲ್ಲೇ ಹೇಳಿದ: "ಪಂಚಮಿಗೆ ಕರಿಯಾಕ ಬಂದೇನಿ ಯವ್ವಾ."

ಅವಳ ಕಣ್ಣು ತುಂಬಿದವು. ಆದರೆ ಅವಳು ಅಲುಗಲಿಲ್ಲ.

"ಯಪ್ಪಾ, ಒಂದ ಮಾತ ಕೇಳತೇನ್ರಿ, ಸಿಟ್ಟ ಮಾಡಬ್ಯಾಡ್ರಿ. ದವಾಖಾನ್ಯಾಗ ಹೆಸರ ಕೊಟ್ರಿ, ಜೀವ ಉಳೀತು. ನಿಮ್ಮ ಮನಿಗಿ ಬಂದ್ರ ನಾ ಎಲ್ಲಿ ಕುಂತ ಉಣಬೇಕ್ರಿ? ಕೊಟ್ಟಿಗ್ಯಾಗ ಅಂದ್ರ ನಾ ಬರಾಂಗಿಲ್ಲ. ತವರು ಅನ್ನೂದು ಒಮ್ಮಿ ಸಿಕ್ಕೈತಿ, ಅದನ್ನ ಕೆಡಿಸಿಕೊಳ್ಳಾಕ ಮನಸಿಲ್ಲ."

ಕೇರಿಯೆಲ್ಲ ಕೇಳುತ್ತಿತ್ತು. ಅಪ್ಪ ಕೂಸನ್ನು ನನ್ನ ಕೈಗೆ ಕೊಟ್ಟ. ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ಆ ಸಣ್ಣ ಬಾಗಿಲಿನಲ್ಲಿ ಒಳಗೆ ಹೋಗಿ, ಒಲೆಯ ಎದುರಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಒಳಗಿನಿಂದ ಅವನ ದನಿ ಬಂತು.

"ಮಗಳು ಹಡಿಯೂತನಾ ಅಪ್ಪ ಅಕಿ ಮನ್ಯಾಗ ಉಣ್ಣಬಾರದಂತ ನಮ್ಮ ಹಿರ್ಯಾರ ರೂಢಿ. ಈಗ ಹಡದಿ. ನನಗ ಹಸದೈತಿ, ಏನ ಐತಿ ನೀಡು. ನೀ ಎಲ್ಲಿ ಕುಂಡರಸತಿ ನಾ ಅಲ್ಲಿ ಕುಂತ ಉಣತೇನಿ. ನಾಳಿ ಹುಕ್ಕೇರ್ಯಾಗ ಕಾಶಿ ಎಲ್ಲಿ ಕುಂಡರತಾಳೊ ಅಲ್ಲಿ ನೀ ಕುಂಡರು."

ಸತ್ತೆವ್ವ ನನ್ನ ಕಡೆ ನೋಡಿದಳು. ನಾನೂ ಅವಳನ್ನು ನೋಡಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು.